ಬೆಂಗಳೂರಿನ ಫ್ಲ್ಯಾಟಿಗೆ ಬಂದ ಅಮೆಜಾನ್ ಕೋತಿ

ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ವಿಡಿಯೊ ನೋಡಿದವರಿಗೆ ತಾವೂ ಒಂದನ್ನು ಸಾಕೋಣ ಅನಿಸುವುದು ಸಹಜ. ಅದರಲ್ಲೂ ಪಿಗ್ಮಿ ಮಾರ್ಮೊಸೆಟ್ ಜಗತ್ತಿನ ಅತಿ ಚಿಕ್ಕ ಕೋತಿ, ತೂಕ ಹೆಚ್ಚುಕಡಿಮೆ 100 ಗ್ರಾಂ. ಆದರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದನ್ನು ಸಾಕಬಾರದು. ಅದಕ್ಕೆ ಕಾರಣ ಅದರ ದೇಹದಲ್ಲೇ ಇದೆ.

ಇದರ ಮುಖ್ಯ ಆಹಾರ ಮರದ ಅಂಟು. ಕೆಳಗಿನ ಹಲ್ಲುಗಳಿಂದ ತೊಗಟೆಯಲ್ಲಿ ತೂತು ಕೊರೆದು, ಒಸರುವ ಅಂಟನ್ನು ನೆಕ್ಕುತ್ತದೆ. ನೆಟ್ಟಗಿನ ಕಾಂಡಕ್ಕೆ ಅಂಟಿಕೊಂಡು ಕೂರಲು ಚೂಪಾದ ಉಗುರುಗಳಿವೆ. ಬಾಳೆಹಣ್ಣು, ಬಿಸ್ಕತ್ತು ಇದಕ್ಕೆ ಊಟವಲ್ಲ. ವಿಟಮಿನ್ ಡಿ3 ಕೂಡ ಜಾಸ್ತಿ ಬೇಕು. ಅದು ಸಿಗದಿದ್ದರೆ ಮೂಳೆ ಮೆತ್ತಗಾಗಿ ಬಾಗುತ್ತದೆ. ಕಿಟಕಿ ಗಾಜಿನ ಹಿಂದೆ ಬರುವ ಬಿಸಿಲು ಸಾಲದು, ಏಕೆಂದರೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ನಮ್ಮ ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ ವೈರಸ್ ತಗುಲಿದರೆ ಮಾರ್ಮೊಸೆಟ್ ಸತ್ತೇ ಹೋಗಬಹುದು.

ಇನ್ನು ಸಂಸಾರದ ಮಾತು. ತಾಯಿ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಹಾಲೂಡಿಸುವುದು ಅದರ ಕೆಲಸ. ಹೊತ್ತು ತಿರುಗುವುದು ಬಹುಪಾಲು ಅಪ್ಪ, ಅಣ್ಣ, ಅಕ್ಕಂದಿರು. ಒಂದು ಕೂಗಿದರೆ ಇನ್ನೊಂದು ಅದು ಮುಗಿಯುವ ತನಕ ಕಾದು ಉತ್ತರಿಸುತ್ತದೆ. ಇಂಥ ಜೀವವನ್ನು ಒಂಟಿಯಾಗಿ ಪಂಜರದಲ್ಲಿಟ್ಟರೆ ಅದರ ಕೂಗಿಗೆ ಯಾರು ಓಗೊಡಬೇಕು?

ಹಾಗಾದರೆ ಇವು ಇಲ್ಲಿಗೆ ಬಂದದ್ದು ಹೇಗೆ? ನಮ್ಮ ವನ್ಯಜೀವಿ ಕಾಯ್ದೆ 1972ರದ್ದು. ಅದರ ಪಟ್ಟಿಗಳಲ್ಲಿ ನಮ್ಮ ಕಾಡಿನ ಪ್ರಾಣಿಗಳಿದ್ದವು, ದಕ್ಷಿಣ ಅಮೆರಿಕದ ಕೋತಿಗಳಿರಲಿಲ್ಲ. 1976ರಲ್ಲಿ ಭಾರತ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಸೇರಿತು. ಅದರ ಹಿಡಿತ ಇದ್ದದ್ದು ಗಡಿಯಲ್ಲಿ ಮಾತ್ರ. ಒಮ್ಮೆ ಒಳಗೆ ನುಸುಳಿದ ಪ್ರಾಣಿಯ ಬಗ್ಗೆ ಮನೆಯಲ್ಲಿ ಕೇಳುವವರಿರಲಿಲ್ಲ. 1978ರಲ್ಲಿ ನಮ್ಮ ರೀಸಸ್ ಕೋತಿಗಳ ರಫ್ತು ನಿಲ್ಲಿಸಿದ ದೇಶ ನಮ್ಮದು. ಬೇರೆಯವರ ಕೋತಿಗಳ ವಿಷಯದಲ್ಲಿ ಇಷ್ಟು ತಡ ಮಾಡಿದ್ದು ನನಗೆ ನೋವಿನ ಸಂಗತಿ.

2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ವಿದೇಶಿ ಪ್ರಾಣಿ ಸಾಕಿದವರು ತಾವಾಗಿಯೇ ತಿಳಿಸಲಿ ಎಂದಿತು. ಬೇಗ ಹೇಳಿದವರಿಂದ ದಾಖಲೆ ಕೇಳಲಿಲ್ಲ. ಕದ್ದು ತಂದದ್ದೂ ಸಕ್ರಮವಾಗಲು ಇದರಿಂದ ದಾರಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಕಾಯ್ದೆಗೆ ತಿದ್ದುಪಡಿ ಆದದ್ದು 2022ರಲ್ಲಿ, ಜಾರಿಯಾದದ್ದು 2023ರ ಏಪ್ರಿಲ್‌ನಲ್ಲಿ. ಈಗ ಸೈಟಿಸ್ ಪಟ್ಟಿಯ ಪ್ರಾಣಿ ಸಾಕಿದರೆ ನೋಂದಣಿ ಕಡ್ಡಾಯ. ಅದರ ನಿಯಮಗಳು 2024ರಲ್ಲಿ ಬಂದವು.

ಆದರೂ ಸಾಗಣೆ ನಿಂತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 78 ಪ್ರಾಣಿಗಳನ್ನು ಹಿಡಿದರು. ಅವುಗಳಲ್ಲಿ ದಕ್ಷಿಣ ಅಮೆರಿಕದ ಇನ್ನೊಂದು ಬಗೆಯ ಕೋತಿಯಾದ ಕ್ಯಾಪುಚಿನ್‌ಗಳು 6 ಇದ್ದವು. ಆರೂ ಸತ್ತಿದ್ದವು.

ಈಗಾಗಲೇ ಮಾರ್ಮೊಸೆಟ್ ಇರುವವರು ಸುಮ್ನೆ ಬನ್ನೇರುಘಟ್ಟ ಕಾಡಿಗೆ ಬಿಟ್ಟುಬರುವುದೂ ತಪ್ಪು. ಬ್ರೆಜಿಲ್‌ನಲ್ಲೇ ಈಶಾನ್ಯ ಭಾಗದ ಮಾರ್ಮೊಸೆಟ್‌ಗಳನ್ನು ಸಾಕಿ ರಿಯೊ ಡಿ ಜನೈರೊ ನಗರದ ಸುತ್ತ ಬಿಟ್ಟರು. ಅವು ಅಲ್ಲಿನ ಅಪರೂಪದ ಮಾರ್ಮೊಸೆಟ್‌ಗಳ ಜೊತೆ ಕೂಡಿ, ಆ ತಳಿಯೇ ಕಲಬೆರಕೆಯಾಗುತ್ತಿದೆ. ಮನೆಯಲ್ಲಿ ಮಾರ್ಮೊಸೆಟ್ ಇರುವವರು ಅರಣ್ಯ ಇಲಾಖೆಗೆ ತಿಳಿಸಬೇಕು, ಕೋತಿಗಳ ಚಿಕಿತ್ಸೆ ಗೊತ್ತಿರುವ ಪಶುವೈದ್ಯರಿಗೆ ತೋರಿಸಬೇಕು.