ಬ್ರಿಡ್ಜ್‌ನಲ್ಲಿ ಮೊದಲ ಎಲೆ: ಕೈ ನೋಡಿ, ಆದರೆ ಬಿಡ್ ಕೇಳಿ

ಬ್ರಿಡ್ಜ್ ಅಂದರೆ ನಾಲ್ವರು ಎರಡು ಜೋಡಿಯಾಗಿ ಆಡುವ ಇಸ್ಪೀಟ್ ಆಟ. ಬಿಡ್ಡಿಂಗ್ (ಎಷ್ಟು ಟ್ರಿಕ್, ಅಂದರೆ ಸುತ್ತು, ಗೆಲ್ಲುತ್ತೇವೆ, ಬೇರೆ ಸೂಟ್‌ಗಳನ್ನು ಹೊಡೆಯುವ ಟ್ರಂಪ್ ಸೂಟ್ ಯಾವುದು ಅಂತ ಕೂಗುವ ಹರಾಜು) ಮುಗಿದ ಮೇಲೆ, ಗೆದ್ದ ಬಿಡ್ ಆಡುವ ಡಿಕ್ಲೇರರ್‌ನ ಎಡಗಡೆ ಕೂತವರು ಮೊದಲ ಎಲೆ ಇಳಿಸಬೇಕು. ಡಮ್ಮಿಯ, ಅಂದರೆ ಡಿಕ್ಲೇರರ್ ಪಾರ್ಟ್ನರ್‌ನ, ಎಲೆಗಳು ಮೇಜಿನ ಮೇಲೆ ಬರುವುದು ಅದಾದ ಮೇಲೆಯೇ. ಅಂದರೆ ನಮಗೆ ಕಾಣುವುದು ನಮ್ಮ 13 ಎಲೆ ಮಾತ್ರ. ಹೀಗಾಗಿ ತುಂಬಾ ಜನ ಲೀಡ್ (ಈ ಮೊದಲ ಎಲೆ) ಅಂದರೆ ಅದೃಷ್ಟದ ಆಟ ಅಂದುಕೊಂಡು ಸುಮ್ನೆ ಒಂದು ಎಲೆ ಹಾಕಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ಕಾಣದಿದ್ದರೇನು, ಎದುರಾಳಿಗಳು ಬಿಡ್ ಮಾಡುತ್ತಾ ತಮ್ಮ ಕೈಯನ್ನು ಅರ್ಧಕ್ಕರ್ಧ ಹೇಳಿಯೇ ಇರುತ್ತಾರೆ.

ಮೊದಲು ಪಾಯಿಂಟ್ ಲೆಕ್ಕ ಹಾಕಿ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಹೀಗೆ ಒಟ್ಟು ಇರುವುದು 40. ಬಲಗಡೆಯವರು 1 ನೋಟ್ರಂಪ್ (ಟ್ರಂಪ್ ಸೂಟ್ ಇಲ್ಲದ ಆಟ) ಅಂದರು, ಅವರ ಪಾರ್ಟ್ನರ್ ನೇರವಾಗಿ 3 ನೋಟ್ರಂಪ್ ಅಂದರು ಅನ್ನಿ. ಅವರಿಬ್ಬರ ಹತ್ತಿರ ಸುಮಾರು 26 ಇರಬೇಕು. ನಿಮ್ಮ ಕೈಯಲ್ಲಿ 10 ಇದ್ದರೆ ನಿಮ್ಮ ಪಾರ್ಟ್ನರ್ ಹತ್ತಿರ ಉಳಿಯುವುದು 4. ಅವರಿಂದ ಜಾಸ್ತಿ ಸಹಾಯ ಸಿಗಲ್ಲ, ನಿಮ್ಮ ಉದ್ದದ ಸೂಟ್ ಅನ್ನೇ ನಂಬಬೇಕು. ನಿಮ್ಮ ಹತ್ತಿರ 3 ಪಾಯಿಂಟ್ ಮಾತ್ರ ಇದ್ದರೆ ಲೆಕ್ಕ ತಿರುಗುತ್ತದೆ. ಬಲ ಇರುವುದು ಪಾರ್ಟ್ನರ್ ಕೈಯಲ್ಲಿ, ಹಾಗಾಗಿ ಅವರ ಸೂಟ್ ಯಾವುದಿರಬಹುದು ಅಂತ ಊಹಿಸಿ ಹಾಕಬೇಕು. ಇದೇ ಬಿಡ್ಡಿಂಗ್‌ನಲ್ಲಿ ಇನ್ನೊಂದು ಸುಳಿವೂ ಇದೆ. ಡಮ್ಮಿಯವರು 2 ಕ್ಲಬ್ (ನಾಲ್ಕು ಎಲೆಯ ಸ್ಪೇಡ್ ಅಥವಾ ಹಾರ್ಟ್ ಇದೆಯಾ ಅಂತ ಪಾರ್ಟ್ನರ್‌ನ ಕೇಳುವ ಬಿಡ್) ಅಂದು ಆ ಸೂಟ್‌ಗಳನ್ನು ಹುಡುಕಲಿಲ್ಲ, ಅಲ್ವಾ? ಅವರ ಹತ್ತಿರ ಆ ಎರಡರಲ್ಲೂ ನಾಲ್ಕು ಎಲೆ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಡೈಮಂಡ್‌ಗೂ ಸ್ಪೇಡ್‌ಗೂ ನಡುವೆ ಅನುಮಾನ ಬಂದರೆ ಸ್ಪೇಡ್ ಹಾಕಿ.

ನೋಟ್ರಂಪ್ ವಿರುದ್ಧ ಉದ್ದದ ಸೂಟ್‌ನಿಂದ ಮೇಲಿನ ನಾಲ್ಕನೇ ಎಲೆ ಹಾಕುವುದು ಹಳೆಯ ಪದ್ಧತಿ. ರಾಜ-ರಾಣಿ-ಗುಲಾಮ, ಅಥವಾ ರಾಣಿ-ಗುಲಾಮ-10 ಹೀಗೆ ಮೂರು ಎಲೆ ಸಾಲಾಗಿದ್ದರೆ ಮಾತ್ರ ಸಾಲಿನ ತಲೆಯ ಎಲೆ. ನಾಲ್ಕನೆಯದೇ ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇದರ ಸೊಗಸೆಲ್ಲ ಪಾರ್ಟ್ನರ್ ಕಡೆಯಿಂದ ನೋಡಿದಾಗಲೇ ಗೊತ್ತಾಗುವುದು.

ನಿಮ್ಮ ಸ್ಪೇಡ್: ರಾಣಿ, 10, 8, 7, 2. ನೀವು ಹಾಕಿದ್ದು 7. ಡಮ್ಮಿಯಲ್ಲಿ ಎಕ್ಕ, ಗುಲಾಮ, 3 ಬಂತು. ಪಾರ್ಟ್ನರ್ ಹತ್ತಿರ ರಾಜ, 9, 4 ಇದೆ. ನಾಲ್ಕನೇ ಎಲೆಯ ಲೀಡ್‌ಗೆ ಇರುವ '11ರ ನಿಯಮ'ದಂತೆ ಪಾರ್ಟ್ನರ್ 11ರಿಂದ 7 ಕಳೆಯುತ್ತಾರೆ, ಉಳಿದದ್ದು 4. ನಿಮ್ಮ ಕೈ ಬಿಟ್ಟು ಉಳಿದ ಮೂರು ಕೈಗಳಲ್ಲಿ 7ಕ್ಕಿಂತ ದೊಡ್ಡ ಎಲೆ ನಾಲ್ಕೇ. ಡಮ್ಮಿಯಲ್ಲಿ ಎರಡು ಕಾಣುತ್ತಿವೆ, ತಮ್ಮ ಕೈಯಲ್ಲಿ ಎರಡಿವೆ. ಅಲ್ಲಿಗೆ ಡಿಕ್ಲೇರರ್ ಹತ್ತಿರ 7 ಅನ್ನು ಹೊಡೆಯುವ ಎಲೆ ಒಂದೂ ಇಲ್ಲ! ಡಮ್ಮಿಯಿಂದ 3 ಬಿದ್ದರೆ ಪಾರ್ಟ್ನರ್ ಧೈರ್ಯವಾಗಿ 4 ಹಾಕಬಹುದು. ನಿಮ್ಮ 7 ಟ್ರಿಕ್ ಗೆಲ್ಲುತ್ತದೆ, ಲೀಡ್ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಪಾರ್ಟ್ನರ್‌ನ ರಾಜ ಮತ್ತು 9 ಎರಡೂ ಡಮ್ಮಿಯ ಎಕ್ಕ-ಗುಲಾಮದ ಹಿಂದೆ ಹಾಗೇ ಕಾದಿರುತ್ತವೆ. ನೀವು ಇನ್ನೊಂದು ಸ್ಪೇಡ್ ಹಾಕಿದರೆ ಡಮ್ಮಿಗೆ ಇಕ್ಕಟ್ಟು. ಮೊದಲೇ ಗಡಿಬಿಡಿಯಲ್ಲಿ ರಾಜ ಹಾಕಿದ್ದರೆ ಈ ಹಿಡಿತ ಹೋಗುತ್ತಿತ್ತು. ಈ ಲೆಕ್ಕ ಡಿಕ್ಲೇರರ್‌ಗೂ ಬರುತ್ತದೆ ಅನ್ನುವುದೂ ನೆನಪಿರಲಿ.

ಟ್ರಂಪ್ ಇರುವ ಆಟದಲ್ಲಿ ಯೋಚನೆ ಬೇರೆ. ಐದನೇ ಸಣ್ಣ ಎಲೆಯಿಂದ ಟ್ರಿಕ್ ಬರುವ ಹೊತ್ತಿಗೆ ಡಿಕ್ಲೇರರ್ ಟ್ರಂಪ್ ಹಾಕಿ ಹೊಡೆದಿರುತ್ತಾರೆ. ಎಕ್ಕ ಇರುವ ಸೂಟ್‌ನಲ್ಲಿ ಎಕ್ಕ ಬಚ್ಚಿಟ್ಟು ಸಣ್ಣದು ಹಾಕುವುದಂತೂ ಬೇಡ. ಡಿಕ್ಲೇರರ್ ಹತ್ತಿರ ಆ ಸೂಟ್‌ನಲ್ಲಿ ಬರೀ ರಾಜ ಒಂದೇ ಇದ್ದರೆ ಅದು ಟ್ರಿಕ್ ಮಾಡಿಕೊಂಡು, ನಿಮ್ಮ ಎಕ್ಕ ಕೈಯಲ್ಲೇ ಸತ್ತುಹೋಗುತ್ತದೆ. ರಾಜ ಜೊತೆಗಿಲ್ಲದ ಎಕ್ಕವನ್ನು ಮೊದಲೇ ಇಳಿಸುವುದೂ ಸಾಮಾನ್ಯವಾಗಿ ನಷ್ಟವೇ. ಎಕ್ಕ ಇರುವುದು ಎದುರಾಳಿಯ ರಾಜನನ್ನೋ ರಾಣಿಯನ್ನೋ ಹಿಡಿಯಲು. ಮೊದಲೇ ಹಾಕಿದರೆ ಅದರ ಮೇಲೆ ಬೀಳುವುದು ಸಣ್ಣ ಎಲೆಗಳು. ಎಕ್ಕ-ರಾಜ ಎರಡೂ ಇದ್ದರೆ ಯೋಚನೆ ಬೇಡ, ಅದಕ್ಕಿಂತ ಒಳ್ಳೆಯ ಲೀಡ್ ಸಿಗುವುದು ಅಪರೂಪ.

ಒಂದು ಸೂಟ್‌ನಲ್ಲಿ ಒಂಟಿ ಎಲೆ ಕಂಡರೆ ಎಲ್ಲರಿಗೂ ಆಸೆ. ಆದರೆ ನಿಮ್ಮ ಟ್ರಂಪ್ ನೋಡಿಕೊಳ್ಳಿ. ಟ್ರಂಪ್‌ನಲ್ಲಿ ಎಕ್ಕ ಮತ್ತು ಎರಡು ಸಣ್ಣ ಎಲೆ ಇದ್ದರೆ ಒಂಟಿ ಲೀಡ್ ಬಹಳ ಚೆನ್ನಾಗಿ ಕೂರುತ್ತದೆ: ಡಿಕ್ಲೇರರ್ ಟ್ರಂಪ್ ಎಳೆಯಲು (ನಿಮ್ಮ ಟ್ರಂಪ್ ಖಾಲಿ ಮಾಡಿಸಲು) ಹೋದಾಗ ಎಕ್ಕದಿಂದ ಗೆದ್ದು, ಪಾರ್ಟ್ನರ್‌ಗೆ ಆಟ ತಲುಪಿಸಿ, ಅವರು ಆ ಸೂಟ್ ವಾಪಸ್ ಹಾಕಿದಾಗ ಸಣ್ಣ ಟ್ರಂಪ್‌ನಲ್ಲಿ ಹೊಡೆಯಬಹುದು. ಟ್ರಂಪ್‌ನಲ್ಲಿ ರಾಣಿ-ಗುಲಾಮ-10 ಇದ್ದರೆ ಅಲ್ಲಿ ಹೇಗೂ ಒಂದು ಟ್ರಿಕ್ ಬಂದೇ ಬರುತ್ತದೆ, ಹೊಡೆದು ಲಾಭವಿಲ್ಲ. ನಾಲ್ಕು ಟ್ರಂಪ್ ಇದ್ದರೆ ನನ್ನ ಆಯ್ಕೆ ಉದ್ದದ ಸೂಟ್. ಡಿಕ್ಲೇರರ್ ಪದೇ ಪದೇ ಟ್ರಂಪ್ ಖರ್ಚು ಮಾಡುವ ಹಾಗೆ ಮಾಡಿದರೆ ಕೊನೆಗೆ ನಿಮ್ಮ ಹತ್ತಿರವೇ ಜಾಸ್ತಿ ಟ್ರಂಪ್ ಉಳಿಯಬಹುದು.

ಟ್ರಂಪ್ ಲೀಡ್ ಅನ್ನು "ಏನೂ ತೋಚದಿದ್ದರೆ ಟ್ರಂಪ್" ಅಂತ ಕಲಿಸುವವರಿದ್ದಾರೆ. ಅದಕ್ಕಿಂತ ಬಿಡ್ಡಿಂಗ್ ಕೇಳಿ ಹಾಕುವುದು ಎಷ್ಟೋ ವಾಸಿ. ಬಲಗಡೆಯವರು 1 ಸ್ಪೇಡ್, ಎಡಗಡೆಯವರು 1 ನೋಟ್ರಂಪ್, ಬಲಗಡೆಯವರು 2 ಹಾರ್ಟ್, ಅಲ್ಲಿಗೆ ಎಲ್ಲರೂ ಪಾಸ್. ನಿಮ್ಮ ಸ್ಪೇಡ್ ಎಕ್ಕ-ರಾಣಿ-10-8. ಡಮ್ಮಿಗೆ ಸ್ಪೇಡ್ ಇಷ್ಟವಿಲ್ಲ, ಅಲ್ಲಿ ಬಹುಶಃ ಒಂದೋ ಎರಡೋ ಎಲೆ. ಡಿಕ್ಲೇರರ್ ತಮ್ಮ ಸ್ಪೇಡ್‌ಗಳನ್ನು ಡಮ್ಮಿಯ ಹಾರ್ಟ್‌ಗಳಿಂದಲೇ ಹೊಡೆಯಬೇಕು. ಮೊದಲ ಎಲೆಯೇ ಹಾರ್ಟ್ ಹಾಕಿ, ಮತ್ತೆ ಆಟ ಕೈಗೆ ಬಂದಾಗ ಇನ್ನೊಂದು ಹಾರ್ಟ್ ಹಾಕಿ.

ಸ್ಲಾಮ್‌ನಲ್ಲಿ (12 ಅಥವಾ 13 ಟ್ರಿಕ್‌ನ ಬಿಡ್) ಪಾರ್ಟ್ನರ್ ಡಬಲ್ (ಎದುರಾಳಿ ಸೋಲುತ್ತಾರೆ ಅಂತ ಪಂತ ಏರಿಸುವ ಕೂಗು) ಅಂದರೆ ಮಾತ್ರ ಈ ವಿಚಾರಗಳನ್ನೆಲ್ಲ ಪಕ್ಕಕ್ಕಿಡಿ. ಅಮೆರಿಕದ ಆಟಗಾರ ಥಿಯೋಡರ್ ಲೈಟ್ನರ್ ಹೆಸರಿನ ಈ ಡಬಲ್‌ಗೆ ಅರ್ಥ, ಮಾಮೂಲಿ ಲೀಡ್ ಬೇಡ ಅಂತ. ಪಾರ್ಟ್ನರ್ ಹತ್ತಿರ ಯಾವುದೋ ಸೂಟ್ ಖಾಲಿ ಇರಬಹುದು, ಇಲ್ಲವೇ ಡಮ್ಮಿಯ ಸೂಟ್‌ನಲ್ಲಿ ಬಲ ಇರಬಹುದು. ನಿಮ್ಮ ಕೈಯಲ್ಲಿ ತುಂಬಾ ಉದ್ದದ ಸೂಟ್ ಇದ್ದರೆ ಅದನ್ನೇ ಅನುಮಾನಿಸಿ, ಇಲ್ಲದಿದ್ದರೆ ಡಮ್ಮಿ ಮೊದಲು ಬಿಡ್ ಮಾಡಿದ ಸೂಟ್ ಹಾಕಿ.