ಮೆಟಾಲಿಕ್ ದಾರ ಎಲ್ಲಿ ತುಂಡಾಗುತ್ತದೆ, ಏಕೆ?

ಹೊಲಿಗೆ ಯಂತ್ರದಲ್ಲಿ ಮಿನುಗುವ ದಾರ ಪಟ್ಟನೆ ತುಂಡಾಯಿತೆಂದರೆ ಕೈ ತಾನಾಗಿಯೇ ದಾರದ ಬಿಗಿ ಹೊಂದಿಸುವ ಟೆನ್ಷನ್ ಗುಂಡಿಯತ್ತ ಹೋಗುತ್ತದೆ. ಸ್ವಲ್ಪ ತಡೆಯಿರಿ, ಮೊದಲು ತುಂಡಾದ ತುದಿಯನ್ನು ನೋಡಿ. ಹೊರಪದರ ಸುಲಿದು ಒಳಗಿನ ಎಳೆ ಬರಿದಾಗಿದ್ದರೆ ದಾರ ಸೂಜಿಯ ಕಣ್ಣಿನಲ್ಲಿ ಸವೆದಿದೆ. ಕತ್ತರಿಸಿದಂತೆ ಚೊಕ್ಕವಾಗಿದ್ದರೆ ಬಿಗಿ ಹೆಚ್ಚಾಗಿರಬಹುದು, ಇಲ್ಲವೇ ಕೆಳಗೆ ದಾರದ ಕುಣಿಕೆ ಹಿಡಿಯುವ ಹುಕ್ಕಿನಲ್ಲೋ ಸೂಜಿ ಇಳಿಯುವ ಸೂಜಿತಟ್ಟೆಯ ತೂತಿನಲ್ಲೋ ಗೀರು ಎದ್ದಿರಬಹುದು. ರೀಲಿನ ಹತ್ತಿರವೇ ತುಂಡಾಗಿದ್ದರೆ ರೀಲಿನ ಅಂಚಿನಲ್ಲಿ ದಾರ ಸಿಕ್ಕಿಸಿಡುವ ಸೀಳನ್ನು ಅನುಮಾನಿಸಿ.

ಹೆಚ್ಚಾಗಿ ಕಾಣುವುದು ಮೊದಲನೆಯದೇ. ಸಾಮಾನ್ಯ ಮೆಟಾಲಿಕ್ ದಾರದಲ್ಲಿ ನಡುವೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆ, ಅದರ ಸುತ್ತ ಲೋಹದ ಲೇಪವಿರುವ ತೆಳು ಪಟ್ಟಿ. ಎಳೆತವನ್ನು ಒಳ ಎಳೆ ತಡೆದುಕೊಳ್ಳುತ್ತದೆ. ಉಜ್ಜುವಿಕೆಯನ್ನು ಹೊರಪಟ್ಟಿ ತಡೆಯಲಾರದು.

ಉಜ್ಜುವಿಕೆ ಎಷ್ಟೆಂದು ತಿಳಿದರೆ ಉಳಿದ ಉಪಾಯಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಒಂದೊಂದು ಹೊಲಿಗೆಗೂ ಹುಕ್ಕು ಮೇಲ್ದಾರದ ಕುಣಿಕೆಯನ್ನು ಹಿಗ್ಗಿಸಿ, ಕೆಳದಾರ ಸುತ್ತಿದ ಬಾಬಿನ್‌ನ ಸುತ್ತ ದಾಟಿಸಬೇಕು. ಅದಕ್ಕೆ ಹಲವು ಸೆಂಟಿಮೀಟರ್ ದಾರ ಕೆಳಗಿಳಿಯುತ್ತದೆ. ಬಟ್ಟೆಯಲ್ಲಿ ಉಳಿಯುವುದು ಕೆಲವೇ ಮಿಲಿಮೀಟರ್. ಮಿಕ್ಕಿದ್ದನ್ನೆಲ್ಲ ಸೂಜಿಯ ಮೇಲ್ಗಡೆ ಏರಿಳಿಯುವ ಟೇಕ್‌ಅಪ್ ಲಿವರ್ ವಾಪಸ್ ಮೇಲೆಳೆಯುತ್ತದೆ. ಹೀಗಾಗಿ ದಾರದ ಒಂದೇ ಜಾಗ ಬಟ್ಟೆ ಸೇರುವ ಮುಂಚೆ ಹತ್ತಾರು ಸಲ ಸೂಜಿಯ ಕಣ್ಣಿನೊಳಗೆ ಹೋಗಿ ಬಂದಿರುತ್ತದೆ. ಹೊಲಿಗೆಯ ಉದ್ದವನ್ನು 2 ಮಿ.ಮೀ.ನಿಂದ 4 ಮಿ.ಮೀ.ಗೆ ಏರಿಸಿದರೆ ಈ ಓಡಾಟ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಏಕೋ ಎಲ್ಲರೂ ಕೊನೆಗೆ ನೆನೆಸಿಕೊಳ್ಳುತ್ತಾರೆ. ಯಂತ್ರಕಸೂತಿಯಲ್ಲಿ ಒತ್ತೊತ್ತಾದ ವಿನ್ಯಾಸ ಮೆಟಾಲಿಕ್ ದಾರಕ್ಕೆ ಒಗ್ಗದಿರುವುದಕ್ಕೂ ಇದೊಂದು ಕಾರಣ.

ಇನ್ನು ಸೂಜಿ. 90/14 ಎಂದರೆ ಸೂಜಿಯ ದಪ್ಪ 0.9 ಮಿ.ಮೀ. ಆದರೆ ದಪ್ಪ ಒಂದೇ ಇದ್ದರೂ ಕಣ್ಣು ಒಂದೇ ಇರುವುದಿಲ್ಲ. ಟಾಪ್‌ಸ್ಟಿಚ್ ಮತ್ತು ಮೆಟಾಲಿಕ್ ಸೂಜಿಗಳ ಕಣ್ಣು ಸಾಮಾನ್ಯ ಬಳಕೆಯ ಯೂನಿವರ್ಸಲ್ ಸೂಜಿಯದಕ್ಕಿಂತ ದೊಡ್ಡದು, ಹಾಗಾಗಿ ದಾರ ಸಲೀಸಾಗಿ ಓಡಾಡುತ್ತದೆ. ಬಟ್ಟೆಯಲ್ಲಿ ಬೀಳುವ ತೂತೂ ದಾರ ನುಸುಳುವಷ್ಟು ದೊಡ್ಡದಿರಬೇಕು. ಬಿಗಿ ನೇಯ್ಗೆಯ ಬಟ್ಟೆಗೆ 80ರ ಬದಲು 90 ಹಾಕುವುದು ಅದಕ್ಕೇ. ಹಳೆ ಸೂಜಿಯ ಕಣ್ಣಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಗೀರು ಇರಬಹುದು. ಅನುಮಾನ ಬಂದರೆ ಹೊಸದು ಹಾಕಿ.

ರೀಲು ಇಡುವ ರೀತಿಯೂ ಮುಖ್ಯ. ಮಲಗಿಸಿದ ರೀಲಿನ ತುದಿಯಿಂದ ದಾರ ಕಳಚಿದಾಗ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ. ಚಪ್ಪಟೆ ಪಟ್ಟಿಯಂಥ ದಾರಕ್ಕೆ ಇದು ಆಗುವುದೇ ಇಲ್ಲ. ಅದನ್ನು ನಿಲ್ಲಿಸಿದ ಕಡ್ಡಿಗೆ ಹಾಕಿ, ರೀಲು ತಿರುಗುತ್ತಾ ಪಕ್ಕದಿಂದ ಬಿಚ್ಚಿಕೊಳ್ಳುವಂತೆ ಮಾಡಿ. ಅಡ್ಡಡ್ಡ ಸುತ್ತಿದ ಕೋನ್ ಆದರೆ ತುದಿಯಿಂದಲೇ ಬರಲಿ; ಸ್ಟ್ಯಾಂಡನ್ನು ಯಂತ್ರದಿಂದ ತುಸು ದೂರ ಇಟ್ಟರೆ ದಾರದ ಸುರುಳಿ, ದಾರವನ್ನು ಬಿಗಿಹಿಡಿಯುವ ಟೆನ್ಷನ್ ಡಿಸ್ಕ್ ತಲುಪುವುದರೊಳಗೆ ಸಡಿಲವಾಗುತ್ತದೆ. ಜಾರುವ ರೇಯಾನ್ ದಾರ ರೀಲಿನಿಂದ ಕಳಚಿ ಬುಡಕ್ಕೆ ಬೀಳುತ್ತಿದ್ದರೆ ರೀಲಿಗೆ ಬಲೆ ತೊಡಿಸಿ.

ಇಷ್ಟಾದ ಮೇಲೆ ಟೆನ್ಷನ್. ಒಂದೊಂದೇ ಅಂಕಿ ಇಳಿಸಿ, ಚೂರು ಬಟ್ಟೆಯ ಮೇಲೆ ಹೊಲಿದು ನೋಡಿ. ಮೇಲ್ದಾರ ಹಿಂಬದಿಯಲ್ಲಿ ಅಷ್ಟಿಷ್ಟು ಕಂಡರೆ ತೊಂದರೆಯಿಲ್ಲ. ಬಾಬಿನ್‌ಗೆ ತೆಳುವಾದ ಪಾಲಿಯೆಸ್ಟರ್ ದಾರ ಸಾಕು. ವೇಗ ಕಡಿಮೆ ಇರಲಿ. ದಾರ ಸಲೀಸಾಗಿ ಜಾರಲೆಂದು ಸಿಲಿಕೋನ್ ದ್ರವ ಹಚ್ಚುವವರು ಯಂತ್ರದ ಕೈಪಿಡಿ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ದಾರ ಬದಲಿಸುವಾಗ ರೀಲಿನ ಬಳಿ ಕತ್ತರಿಸಿ ಸೂಜಿಯ ಕಡೆಯಿಂದ ಎಳೆದು ತೆಗೆಯಿರಿ. ಹಿಂದಕ್ಕೆ ಎಳೆದರೆ ಸುಲಿದ ಚೂರುಗಳು ಡಿಸ್ಕಿನೊಳಗೇ ಉಳಿದು ಮುಂದಿನ ದಾರವನ್ನೂ ಕೆಡಿಸುತ್ತವೆ.

ಸೂಜಿಯ ಕಣ್ಣಿಗೆ ಹಿಡಿಸದಷ್ಟು ದಪ್ಪನೆಯ ದಾರವಿದ್ದರೆ ಹಟ ಬೇಡ. ಅದನ್ನು ಬಾಬಿನ್‌ಗೆ ಸುತ್ತಿ, ಮೇಲೆ ಸಾಮಾನ್ಯ ದಾರ ಹಾಕಿ, ಬಟ್ಟೆಯನ್ನು ಬೋರಲಾಗಿಸಿ ಹಿಂಬದಿಯಿಂದ ಹೊಲಿಯಿರಿ. ಇದಕ್ಕೆಂದೇ ಇನ್ನೊಂದು ಬಾಬಿನ್ ಕೇಸ್ (ಬಾಬಿನ್ ಕೂರುವ ಗೂಡು) ಇಟ್ಟುಕೊಳ್ಳುವುದು ಜಾಣತನ, ಏಕೆಂದರೆ ದಪ್ಪ ದಾರ ಹಾಯಲು ಅದರ ತಿರುಪನ್ನು ಸಡಿಲಿಸಬೇಕಾಗುತ್ತದೆ. ಸಡಿಲಿಸುವಾಗ ಕೆಳಗೊಂದು ತಟ್ಟೆ ಹಿಡಿಯಿರಿ. ಆ ತಿರುಪು ತೀರಾ ಚಿಕ್ಕದು, ನೆಲಕ್ಕೆ ಬಿದ್ದರೆ ಸಿಗುವುದು ಕಷ್ಟ.