ಬಿಸಿನೆಸ್ ಫ್ರೆಟರ್ನಿಟಿ ಅಂದ್ರೆ ಉದ್ಯಮಿಗಳ ಸಂಘ ಅಲ್ಲ

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಹೋದ ವಾರ ಒಂದು ಮೆಸೇಜ್ ಬಂತು, ಅಮೆರಿಕದಲ್ಲಿ ಡಿಗ್ರಿ ಓದ್ತಿರೋ ನಮ್ಮ ಕಡೆ ಹುಡುಗಿ "ಅಲ್ಲಿನ ಉದ್ಯಮಿಗಳ ಸಂಘಕ್ಕೆ ಆಯ್ಕೆ" ಆಗಿದಾಳೆ ಅಂತ. ಅವಳು ಬರ್ದಿದ್ದು ಬಿಸಿನೆಸ್ ಫ್ರೆಟರ್ನಿಟಿ ಸೇರಿದೆ ಅಂತ ಅಷ್ಟೇ. ಈ ತಪ್ಪನ್ನ ನಾನು ಎಷ್ಟನೇ ಸಲ ನೋಡ್ತಿದೀನೋ, ಇನ್ನು ಸುಮ್ನಿರಕ್ಕಾಗಲ್ಲ.

ಗೊಂದಲ ಹುಟ್ಟೋದು ನಮ್ಮ ಪೇಪರ್ ಇಂಗ್ಲಿಷಿಂದ. ಮೆಡಿಕಲ್ ಫ್ರೆಟರ್ನಿಟಿ, ಫಿಲ್ಮ್ ಫ್ರೆಟರ್ನಿಟಿ, ಬಜೆಟ್ ಮಾರನೇ ದಿನ ಬಿಸಿನೆಸ್ ಫ್ರೆಟರ್ನಿಟಿ. ಅಲ್ಲೆಲ್ಲ ಅದರರ್ಥ ವಲಯ, ಆ ಕಸುಬಿನೋರು ಅಂತ. ಅಂಗಡಿ ಶಟರ್ ಎತ್ತಿದ ಪ್ರತಿಯೊಬ್ರೂ ಅದ್ರೊಳಗೆ ಇದ್ದಂಗೇ. ಅಮೆರಿಕದ ಕಾಲೇಜಲ್ಲಿ ಹಾಗಲ್ಲ, ಅಲ್ಲಿ ಅದು ಬಿಸಿನೆಸ್ ಓದೋ ವಿದ್ಯಾರ್ಥಿಗಳು ಕಟ್ಕೊಳ್ಳೋ ಸಂಘ. ಅರ್ಜಿ ಹಾಕ್ಬೇಕು, ಇಂಟರ್‌ವ್ಯೂ ಕೊಡ್ಬೇಕು, ಪ್ಲೆಡ್ಜ್, ಅಂದ್ರೆ ಇನ್ನೂ ಪೂರ್ತಿ ಸದಸ್ಯನಾಗದ ಉಮೇದುವಾರ, ಆಗಿ ಕೆಲವು ವಾರ ಕಳೀಬೇಕು, ಆಮೇಲೆ ದೀಕ್ಷೆ. ಸೇರೋರು ವಿದ್ಯಾರ್ಥಿಗಳು, ಉದ್ಯಮಿಗಳಲ್ಲ.

ಪದದ ಬೇರು ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ಫ್ರೆಟರ್ನಿಟಿ ಬಂದಿದ್ದು ಅಣ್ಣತಮ್ಮ ಅನ್ನೋ ಅರ್ಥದ ಲ್ಯಾಟಿನ್ ಫ್ರಾಟರಿಂದ. ಈ ಫ್ರಾಟರ್, ಸಂಸ್ಕೃತದ ಭ್ರಾತೃ, ಗ್ರೀಕಿನ ಫ್ರಾಟೇರ್ ಮೂರೂ ಒಂದೇ ಮೂಲದ್ದು, ಆದ್ರೆ ಗ್ರೀಕರು ಒಂದು ಕೆಲಸ ಮಾಡಿದ್ರು, ಒಂದೇ ತಾಯಿ ಮಕ್ಕಳಿಗೆ ಅಡೆಲ್ಫೋಸ್ ಅಂತ ಬೇರೆ ಪದ ಇಟ್ಕೊಂಡು ಫ್ರಾಟೇರನ್ನ ಕುಲದ ಒಕ್ಕೂಟದ ಸದಸ್ಯನಿಗೆ ಬಿಟ್ಟುಕೊಟ್ರು. ಅಡೆಲ್ಫೋಸ್ ಬಿಡಿಸಿದ್ರೆ 'ಒಂದೇ ಗರ್ಭದವನು', ನಮ್ಮ ಸಹೋದರ ಇದ್ಯಲ್ಲ, ಸಹ ಉದರ, ಥೇಟ್ ಅದೇ. ಹಾಗಾಗಿ ಫ್ರೆಟರ್ನಿಟಿಗೆ ಸಹೋದರ ಸಂಘ ಅಂತ ಬರೆಯೋರು ಪದದ ಜೀವಾನೇ ತೆಗೀತಾರೆ. ಬೇರೆ ಬೇರೆ ಹೊಟ್ಟೇಲಿ ಹುಟ್ಟಿದೋರು ಅಣ್ಣತಮ್ಮ ಅಂತ ಮಾತು ಕೊಟ್ಟು ಕಟ್ಕೊಳ್ಳೋ ನಂಟು ಅದು.

ಆ ನಂಟು ಹೇಗಿರುತ್ತೆ ಅನ್ನೋದಕ್ಕೆ ಆಲ್ಫಾ ಕಪ್ಪಾ ಸೈ ಅನ್ನೋ ಬಿಸಿನೆಸ್ ಫ್ರೆಟರ್ನಿಟಿ ಹುಟ್ಟಿದ ಕತೆ ಸಾಕು. ನ್ಯೂಯಾರ್ಕ್ ಯೂನಿವರ್ಸಿಟಿ 1900ರಲ್ಲಿ ಕಾಮರ್ಸ್, ಲೆಕ್ಕಪತ್ರ, ಹಣಕಾಸು ಕಲಿಸೋ ಸ್ಕೂಲ್ ಶುರು ಮಾಡ್ತು, ಕ್ಲಾಸ್ ಸಂಜೆ ನಡೀತಿತ್ತು. ಕ್ಲಾಸ್ ಮುಗಿಸ್ಕೊಂಡು ನಾಲ್ಕು ಹುಡುಗ್ರು ಬ್ರೂಕ್ಲಿನ್ ಸೇತುವೆ ಮೇಲೆ ಮಾತಾಡ್ತಾ ಮನೆಗೆ ನಡ್ಕೊಂಡು ಹೋಗ್ತಿದ್ರು, 'ಬ್ರೂಕ್ಲಿನ್ ಫೋರ್' ಅಂತಾನೇ ಅವರಿಗೆ ಹೆಸರು. ರಾತ್ರಿ ಹೊತ್ತು, ಕೆಳಗೆ ನದಿ, ನಾಲ್ಕು ಜನ ಜೊತೆಗೆ ಹೆಜ್ಜೆ ಹಾಕ್ತಾ ಇರೋದು, ನನಗೆ ಈ ಪದದ ಅರ್ಥ ಕಣ್ಣಿಗೆ ಕಾಣೋದು ಅಲ್ಲೇ. ಆ ಸ್ನೇಹ ಬೆಳೆದು 1904ರ ಅಕ್ಟೋಬರ್ 5ಕ್ಕೆ ಹತ್ತು ಜನ ಸ್ಥಾಪಕರ ಫ್ರೆಟರ್ನಿಟಿ ಆಯ್ತು. 1907ರಲ್ಲಿ ಅದೇ ಸ್ಕೂಲಲ್ಲಿ ಬೇರೆ ನಾಲ್ಕು ಜನ ಡೆಲ್ಟಾ ಸಿಗ್ಮಾ ಪೈ ಅನ್ನೋ ಇನ್ನೊಂದು ಬಿಸಿನೆಸ್ ಫ್ರೆಟರ್ನಿಟಿ ಕಟ್ಟಿದ್ರು. ಒಂದೊಂದು ಕಾಲೇಜಿನ ಶಾಖೆಗೆ ಚಾಪ್ಟರ್ ಅಂತಾರೆ, ಮೊದಲನೇದು ಆಲ್ಫಾ, ಎರಡನೇದು ಬೀಟಾ. ಆಲ್ಫಾ ಕಪ್ಪಾ ಸೈಯ ಬೀಟಾ 1910ರಲ್ಲಿ ಡೆನ್ವರ್ ಯೂನಿವರ್ಸಿಟೀಲಿ ಆಯ್ತು, ಡೆಲ್ಟಾ ಸಿಗ್ಮಾ ಪೈಯದು 1914ರಲ್ಲಿ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟೀಲಿ. ಹೀಗೆ ಊರೂರಿಗೆ ಹಬ್ಬಿದ್ವು.

ಇನ್ನು ನಮ್ಮ ಅತ್ತೆ ಕೇಳಿದ ಪ್ರಶ್ನೆ, ಹುಡುಗಿ ಹೇಗೆ ಸೇರಿದ್ಲು ಅಂತ. ಮೊದಲು ಗಂಡುಮಕ್ಕಳಿಗೆ ಮಾತ್ರ ಇತ್ತು, ನಿಜ. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು, ಕಾಲೇಜಲ್ಲಿ ಹೆಣ್ಣು ಗಂಡು ಭೇದ ಮಾಡಬಾರ್ದು ಅಂತ. ಒಟ್ಟಿಗೆ ವಾಸ ಮಾಡೋ ಸೋಷಿಯಲ್ ಫ್ರೆಟರ್ನಿಟಿಗಳಿಗೆ ಆಮೇಲೆ ವಿನಾಯ್ತಿ ಸಿಕ್ತು, ಬಿಸಿನೆಸ್ ಫ್ರೆಟರ್ನಿಟಿಯಂಥ ವೃತ್ತಿಪರ ಫ್ರೆಟರ್ನಿಟಿಗಳಿಗೆ ಸಿಗ್ಲಿಲ್ಲ. ಡೆಲ್ಟಾ ಸಿಗ್ಮಾ ಪೈ 1975ರಲ್ಲಿ, ಆಲ್ಫಾ ಕಪ್ಪಾ ಸೈ 1976ರಲ್ಲಿ ಹೆಣ್ಣುಮಕ್ಕಳನ್ನ ಸೇರಿಸ್ಕೊಂಡ್ವು. ಅವರನ್ನೂ ಬ್ರದರ್ ಅಂತಾನೇ ಕರೀತಾರೆ, ಸಿಸ್ಟರ್ ಅನ್ನಲ್ಲ. ಅತ್ತೆಗೆ ಇದು ಸರಿ ಕಾಣ್ಲಿಲ್ಲ, ಹೆಣ್ಣು ಹುಡುಗೀನ ಅಣ್ಣ ಅನ್ನೋದಾ ಅಂದ್ರು. ಕನ್ನಡದಲ್ಲಿ ಆ ತೊಡಕೇ ಇಲ್ಲ ಅತ್ತೆ, ಒಡಹುಟ್ಟು ಅನ್ನಿ, ಅಣ್ಣನೂ ಬಂದ ಅಕ್ಕನೂ ಬಂದ್ಲು ಅಂದೆ. "ಅದ್ರಲ್ಲೂ ಹುಟ್ಟು ಇದ್ಯಲ್ಲೋ" ಅಂದ್ರು ಅತ್ತೆ. ಅದಕ್ಕೆ ಉತ್ತರ ಇನ್ನೂ ಹುಡುಕ್ತಿದೀನಿ.